ಅನುಭವದಿಂದ ಜ್ಯಾಝ್ ಟ್ಯೂನ್: ಮಾತಿನಿಂದ ಶುರುಮಾಡಿ

ಅಪ್ಪನ ಸಾವು, ಮಗುವಿನ ಹುಟ್ಟು, ಮನೆ ಖಾಲಿ ಮಾಡಿದ ದಿನ. ಇಂಥದ್ದರ ಮೇಲೆ ಟ್ಯೂನ್ ಕಟ್ಟಲು ಕೂತವರು ಸಾಮಾನ್ಯವಾಗಿ ಮೊದಲು ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಹುಡುಕುತ್ತಾರೆ. ದುಃಖಕ್ಕೆ ಮೈನರ್, ಸಂತೋಷಕ್ಕೆ ಮೇಜರ್ ಎಂದು ಹೊರಟರೆ ಎಲ್ಲರ ದುಃಖವೂ ಒಂದೇ ಥರ ಕೇಳಿಸುತ್ತದೆ. ಜ್ಯಾಝ್ ಪಿಯಾನೋ ವಾದಕ ಹೊರೇಸ್ ಸಿಲ್ವರ್ 1964ರಲ್ಲಿ ರೆಕಾರ್ಡ್ ಮಾಡಿದ ‘ಸಾಂಗ್ ಫಾರ್ ಮೈ ಫಾದರ್’ ಎಫ್ ಮೈನರ್‌ನಲ್ಲಿದೆ, ಆದರೂ ಕೇಳುವವರ ಕಾಲು ತಾನಾಗಿ ತಾಳ ಹಾಕುತ್ತದೆ. ಅದರ ಜೀವ ಇರುವುದು ಬ್ರೆಜಿಲ್‌ನ ಬಾಸಾ ನೋವಾ ಶೈಲಿಯ ಛಾಯೆಯ ಲಯದಲ್ಲಿ.

ಆದ್ದರಿಂದ ಕೀಬೋರ್ಡ್ ಮುಚ್ಚಿಡಿ. ಆ ಗಳಿಗೆಯಲ್ಲಿ ಯಾರೋ ನಿಜವಾಗಿ ಆಡಿದ ಒಂದೇ ಒಂದು ಮಾತು ನೆನಪು ಮಾಡಿಕೊಳ್ಳಿ. “ಹೋಗ್ಬರ್ತೀನಿ, ಬಾಗ್ಲು ಹಾಕ್ಕೋ” ಎಂಬಷ್ಟು ಸಾಕು. ದೊಡ್ಡ ಮಾತು ಬೇಕಿಲ್ಲ. ಅವರ ಧಾಟಿಯಲ್ಲೇ ಐದಾರು ಸಲ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಈಗ ಶಾಲೆಯಲ್ಲಿ ಕಲಿತ ಪ್ರಸ್ತಾರ ಹಾಕಿ: ಗುರುವಿಗೆ ಒಂದು ಬೀಟ್, ಲಘುವಿಗೆ ಅರ್ಧ. ಈ ಮಾತಿನಲ್ಲಿ ಎಂಟು ಅಕ್ಷರ, ಅವುಗಳಲ್ಲಿ ‘ನಿ’, ‘ಗ್ಲು’ ಎರಡೇ ಲಘು. ಒಟ್ಟು 7 ಬೀಟ್. ನಾಲ್ಕು ಬೀಟಿನ ಎರಡು ಬಾರ್‌ಗೆ (ಬಾರ್ ಎಂದರೆ ಬೀಟುಗಳನ್ನು ಗೆರೆ ಎಳೆದು ವಿಂಗಡಿಸಿದ ಖಾನೆ) ಹಾಕಿದರೆ ಕೊನೆಗೆ ಒಂದು ಬೀಟ್ ಮೌನ ಉಳಿಯುತ್ತದೆ. ಇನ್ನೂ ಚೆಂದದ ಸಂಗತಿ ಏನೆಂದರೆ, ‘ಬಾ’ ಮೊದಲ ಬಾರ್‌ನ ನಾಲ್ಕನೇ ಬೀಟಿನ ಅರ್ಧದಲ್ಲಿ ಹುಟ್ಟಿ ಗೆರೆ ದಾಟಿ ಎರಡನೇ ಬಾರ್‌ಗೆ ಚಾಚುತ್ತದೆ. ಕೂತು ಲೆಕ್ಕ ಹಾಕಿದರೆ ಹೊಳೆಯದ ಸಿಂಕೊಪೇಶನ್ (ಬೀಟಿನ ಮೇಲೆ ಬೀಳದೆ ಪಕ್ಕಕ್ಕೆ ಸರಿದ ಒತ್ತು) ಅದು, ಮಾತೇ ಕೊಟ್ಟದ್ದು. ಅದನ್ನು ದಯವಿಟ್ಟು ನೇರ ಮಾಡಬೇಡಿ. ಬರೆದುಕೊಳ್ಳುವಾಗ ‘ಸರಿಪಡಿಸಿ’ ಬೀಟಿನ ಮೇಲೆ ಕೂರಿಸಿದರೆ ಆಡಿದವರು ಅಲ್ಲಿಂದ ಎದ್ದುಹೋಗುತ್ತಾರೆ. ಜ್ಯಾಝ್ ವಾದಕ ಜಾನ್ ಕೋಲ್ಟ್ರೇನ್ ಮಾಡಿದ್ದೂ ಇದನ್ನೇ: 1964ರ ‘ಸಾಮ್’ ಎಂಬ ಟ್ಯೂನಿನಲ್ಲಿ ತಾವೇ ಬರೆದ ಪ್ರಾರ್ಥನೆಯನ್ನು ಸ್ಯಾಕ್ಸೊಫೋನಿನಲ್ಲಿ ಅಕ್ಷರಕ್ಕೆ ಅಕ್ಷರ ಹೇಳುತ್ತಾರೆ.

ದನಿ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ಬಾಣ ಹಾಕಿಕೊಂಡು ಆಮೇಲೆ ಸ್ವರ ಆರಿಸಿ. ಐದು ಸ್ವರ ದಾಟದಿದ್ದರೆ ಮೇಲು.

ಕಾರ್ಡ್ ಕೊನೆಗೆ. ತುಂಬಾ ಹೇಳಬೇಕೆನ್ನುವ ಆಸೆಯಲ್ಲಿ ಬೀಟಿಗೊಂದು ಕಾರ್ಡ್ ತುರುಕಿದರೆ ಸೋಲೊ ನುಡಿಸುವವರು ಕಾರ್ಡ್ ಓದುವುದರಲ್ಲೇ ಮುಗಿಯುತ್ತಾರೆ. ಕೋಲ್ಟ್ರೇನ್ ಹೆಂಡತಿಯ ಹೆಸರಿಟ್ಟ ‘ನಯೀಮಾ’ ನೋಡಿ: ಎ ಭಾಗದುದ್ದಕ್ಕೂ (ಮರಳಿ ಬರುವ ಮುಖ್ಯ ಭಾಗ) ಬಾಸ್ ಇ-ಫ್ಲಾಟ್ ಸ್ವರ ಬಿಟ್ಟು ಕದಲುವುದಿಲ್ಲ, ಬ್ರಿಡ್ಜಿನಲ್ಲಿ (ನಡುವಿನ ಬೇರೆ ಭಾಗ) ಬಿ-ಫ್ಲಾಟ್, ಬದಲಾಗುವುದೆಲ್ಲ ಅದರ ಮೇಲೆ. ಹೀಗೆ ಕದಲದೆ ನಿಲ್ಲುವ ಎರಡು ಪೆಡಲ್ ಸ್ವರದಲ್ಲಿ ಇಡೀ ಟ್ಯೂನ್ ನಿಂತಿದೆ.

ಉದ್ದದ ಲೆಕ್ಕವನ್ನು ಬಹಳ ಮಂದಿ ಮರೆಯುತ್ತಾರೆ. ನಿಮಿಷಕ್ಕೆ 60 ಬೀಟಿನ ನಿಧಾನದ ಟ್ಯೂನ್ 32 ಬಾರ್ ಇದ್ದರೆ ಒಂದು ಕೋರಸ್‌ಗೇ (ಇಡೀ ಟ್ಯೂನಿನ ಒಂದು ಸುತ್ತಿಗೆ) 2 ನಿಮಿಷ 8 ಸೆಕೆಂಡ್. ಹೆಡ್ (ಟ್ಯೂನಿನ ಮೂಲ ರಾಗ) ಎರಡು ಸಲ, ನಾಲ್ವರ ಸೋಲೊ ಒಂದೊಂದು ಕೋರಸ್ ಎಂದರೆ 13 ನಿಮಿಷ ಹತ್ತಿರ. ಆ ಮಾತು ಅಷ್ಟು ಹೊರಲಾರದು. 16 ಬಾರ್‌ಗೆ ಇಳಿಸಿ, ಇಲ್ಲವೇ ಒಬ್ಬರಿಗಷ್ಟೇ ಸೋಲೊ ಕೊಟ್ಟು ಬ್ರಿಡ್ಜಿನಿಂದ ಹೆಡ್‌ಗೆ ಮರಳಿ. 1959ರ ‘ನಯೀಮಾ’ 20 ಬಾರ್ ಮಾತ್ರ, ಅದರಲ್ಲಿ ಕೋಲ್ಟ್ರೇನ್ ರಾಗ ನುಡಿಸಿ ಸೋಲೊವನ್ನು ಪಿಯಾನೋಗೆ ಬಿಟ್ಟಿದ್ದಾರೆ.

ಲೀಡ್ ಶೀಟ್ (ರಾಗ, ಕಾರ್ಡ್ ಬರೆದ ಹಾಳೆ) ಒಂದೇ ಪುಟದಲ್ಲಿರಲಿ. ಕೆಲವು ವಾದ್ಯಗಳು ಬರೆದದ್ದಕ್ಕಿಂತ ಕೆಳಗೆ ಕೇಳಿಸುತ್ತವೆ, ಆದ್ದರಿಂದ ಟ್ರಂಪೆಟ್‌ಗೆ ಒಂದು ಹೋಲ್ ಟೋನ್ (ಎರಡು ಅರ್ಧಸ್ವರ) ಮೇಲೆ, ಆಲ್ಟೊ ಸ್ಯಾಕ್ಸಿಗೆ ಮೇಜರ್ ಸಿಕ್ಸ್ತ್ (ಒಂಬತ್ತು ಅರ್ಧಸ್ವರ) ಮೇಲೆ ಬರೆದುಕೊಡಿ. ರಿಹರ್ಸಲ್‌ನಲ್ಲಿ ಇಡೀ ಕಥೆ ಹೇಳಬೇಡಿ. ಕಥೆ ಕೇಳಿದವರು ಅದನ್ನೇ ನಟಿಸತೊಡಗುತ್ತಾರೆ. ಟೆಂಪೊದಲ್ಲಿ ಆ ವಾಕ್ಯವನ್ನು ಒಮ್ಮೆ ಆಡಿ ತೋರಿಸಿದರೆ ಎಲ್ಲರೂ ‘ಬಾ’ವನ್ನು ಸರಿಯಾದ ಜಾಗಕ್ಕೆ ತರುತ್ತಾರೆ. ಕೊನೆಯ ಆ ಒಂದು ಬೀಟ್ ಮೌನವನ್ನು ಕಂಡರೆ ಡ್ರಮ್ಮರ್ ಕೈ ಅದನ್ನು ಬಡಿತದಿಂದ ತುಂಬಿಸಲು (ಫಿಲ್ ಹಾಕಲು) ಓಡುತ್ತದೆ. ಅಲ್ಲಿ ರೆಸ್ಟ್ ಗುರುತಿನ ಮೇಲೆ ‘ಫಿಲ್ ಬೇಡ’ ಎಂದು ದಪ್ಪಕ್ಷರದಲ್ಲಿ ಬರೆದಿಡಿ.