ಚಿತ್ರದಲ್ಲಿರುವ ನಾಳ, ಹೊಟ್ಟೆಯೊಳಗಿನ ನಾಳ

ಪಿತ್ತಕೋಶದಲ್ಲಿ ಕಲ್ಲಾಗಿದೆ ಎಂದು ಬರುವವರಿಗೆ ನಾನು ಚೀಟಿಯ ಹಿಂಬದಿಯಲ್ಲಿ ಒಂದು ಚಿತ್ರ ಬರೆದು ತೋರಿಸುತ್ತೇನೆ. ಯಕೃತ್ತಿನ ಬಲ ಮತ್ತು ಎಡ ಭಾಗಗಳಿಂದ ಇಳಿಯುವ ನಾಳಗಳು ಕೂಡಿ ಒಂದಾಗುತ್ತವೆ. ಪಿತ್ತಕೋಶದ ಕತ್ತಿನಿಂದ ಹೊರಡುವ ಸಿಸ್ಟಿಕ್ ನಾಳ ಪಕ್ಕದಿಂದ ಬಂದು ಸೇರುತ್ತದೆ. ಅಲ್ಲಿಂದ ಮುಂದೆ ಅದು ಮುಖ್ಯ ಪಿತ್ತನಾಳವೆನಿಸಿಕೊಂಡು ಸಣ್ಣ ಕರುಳಿಗೆ ತೆರೆದುಕೊಳ್ಳುತ್ತದೆ. ಪಿತ್ತಕೋಶವನ್ನು ತೆಗೆಯುವಾಗ ನಾವು ಕತ್ತರಿಸಬೇಕಾದುದು ಸಿಸ್ಟಿಕ್ ನಾಳವನ್ನು ಮತ್ತು ಪಿತ್ತಕೋಶಕ್ಕೆ ರಕ್ತ ಒಯ್ಯುವ ಅಪಧಮನಿಯನ್ನು ಮಾತ್ರ.

ಹೊಟ್ಟೆಯೊಳಗೆ ಇದೆಲ್ಲ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಕೆಲವರಲ್ಲಿ ಸಿಸ್ಟಿಕ್ ನಾಳ ಮುಖ್ಯ ನಾಳಕ್ಕೆ ಅಂಟಿಕೊಂಡೇ ಬಹುದೂರ ಇಳಿದು ಸೇರುತ್ತದೆ. ಕೆಲವರಲ್ಲಿ ಹಿಂದಿನಿಂದ ಬಳಸಿ ಎಡಗಡೆ ಸೇರುತ್ತದೆ. ಅಪರೂಪಕ್ಕೆ ಯಕೃತ್ತಿನ ಬಲಭಾಗದ ಒಂದು ನಾಳವೇ ಸಿಸ್ಟಿಕ್ ನಾಳಕ್ಕೆ ಬಂದು ಕೂಡುತ್ತದೆ. ಇದಕ್ಕಿಂತ ಹೆಚ್ಚು ಮೋಸ ಮಾಡುವುದು ನಮ್ಮದೇ ಕೈ. ಪಿತ್ತಕೋಶವನ್ನು ಹಿಡಿದು ಮೇಲಕ್ಕೆ ಎಳೆದಾಗ ಮುಖ್ಯ ನಾಳವೂ ಅದರ ಜೊತೆ ಒಂದೇ ಗೆರೆಗೆ ಬಂದು ನಿಂತು, ಥೇಟ್ ಸಿಸ್ಟಿಕ್ ನಾಳದಂತೆಯೇ ಕಾಣುತ್ತದೆ. ಅದಕ್ಕೆ ಕ್ಲಿಪ್ ಹಾಕಿ ಕತ್ತರಿಸಿದರೆ ಪಿತ್ತ ಹೊಟ್ಟೆಯೊಳಗೆ ಸೋರುತ್ತದೆ ಇಲ್ಲವೇ ಯಕೃತ್ತಿನಲ್ಲೇ ಕಟ್ಟಿಕೊಂಡು ಕಾಮಾಲೆಯಾಗುತ್ತದೆ. ಆಮೇಲೆ ಕರುಳಿನ ಒಂದು ಸುರುಳಿಯನ್ನು ತಂದು ನಾಳಕ್ಕೆ ಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

1995ರಲ್ಲಿ ಶಸ್ತ್ರಚಿಕಿತ್ಸಕ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು ವಿವರಿಸಿದ ‘ಕ್ರಿಟಿಕಲ್ ವ್ಯೂ ಆಫ್ ಸೇಫ್ಟಿ’ ಇದಕ್ಕೆಂದೇ ಇರುವ ಶಿಸ್ತು. ಪಿತ್ತಕೋಶ, ಯಕೃತ್ತು ಮತ್ತು ಯಕೃತ್ತಿನಿಂದ ಇಳಿಯುವ ನಾಳದ ನಡುವಿನ ತ್ರಿಕೋನದಲ್ಲಿರುವ ಕೊಬ್ಬು, ನಾರುಗಳನ್ನೆಲ್ಲ ಬಿಡಿಸಬೇಕು. ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗವನ್ನು ಯಕೃತ್ತಿನಿಂದ ಬೇರ್ಪಡಿಸಬೇಕು. ಆಗ ಪಿತ್ತಕೋಶದೊಳಕ್ಕೆ ಹೋಗುವ ಎರಡೇ ಎರಡು ಎಳೆಗಳು, ಅಂದರೆ ಸಿಸ್ಟಿಕ್ ನಾಳ ಮತ್ತು ಆ ಅಪಧಮನಿ, ಕಾಣಬೇಕು. ಹಳದಿ ಕೊಬ್ಬನ್ನು ಎಳೆಎಳೆಯಾಗಿ ಬಿಡಿಸುತ್ತ ಹೋದಂತೆ ಆ ಎರಡರ ಸಂದಿಯಲ್ಲಿ ಯಕೃತ್ತಿನ ಕಂದು ಬಣ್ಣ ತೆರೆದುಕೊಳ್ಳುವುದನ್ನು, ಹೊಟ್ಟೆಯೊಳಗಿಳಿಸಿದ ಕ್ಯಾಮೆರಾದ ಮಾನಿಟರಿನಲ್ಲಿ ಮುಂದಿನಿಂದಲೂ ಹಿಂದಿನಿಂದಲೂ ನೋಡಿ, ಜೊತೆಗಿರುವವರಿಂದ ಹೌದೆನಿಸಿಕೊಂಡ ಮೇಲೆಯೇ ನಾನು ಕ್ಲಿಪ್ ಕೇಳುತ್ತೇನೆ.

ಒಮ್ಮೆ ಹಿರಿಯರೊಬ್ಬರಿಗೆ ಉರಿಯೂತದಿಂದ ಆ ಜಾಗವೆಲ್ಲ ಗಟ್ಟಿಯಾಗಿ ಅಂಟಿಕೊಂಡು, ಒಂದು ಗಂಟೆ ಪ್ರಯತ್ನಿಸಿದರೂ ತ್ರಿಕೋನ ಬಿಡಿಸಿಕೊಳ್ಳಲಿಲ್ಲ. ಪಿತ್ತಕೋಶವನ್ನು ತೆರೆದು ಕಲ್ಲುಗಳನ್ನು ತೆಗೆದು, ಕತ್ತಿನ ಭಾಗವನ್ನು ಹಾಗೆಯೇ ಬಿಟ್ಟು, ಸೋರುವ ದ್ರವ ಹೊರಬರಲು ಒಂದು ಡ್ರೈನ್ ಕೊಳವೆ ಇರಿಸಿ ಮುಗಿಸಿದೆ. ‘ಪೂರ್ತಿ ತೆಗೀಲಿಲ್ವಾ ಡಾಕ್ಟ್ರೇ?’ ಎಂದು ಮಗ ಆತಂಕದಿಂದ ಕೇಳಿದಾಗ, ಅದೇ ಚೀಟಿಯ ಚಿತ್ರವನ್ನು ತಿರುಗಿಸಿ, ನನಗೆ ಕಾಣದೆ ಉಳಿದ ಜಾಗಕ್ಕೆ ಒಂದು ಸೊನ್ನೆ ಸುತ್ತಿ ತೋರಿಸಿದೆ.