ನೂರು ಸೆಂಟಿಮೀಟರ್ ದಾರ

ಇವತ್ತು ಫಿಸಿಕ್ಸ್ ಲ್ಯಾಬ್‌ನಲ್ಲಿ ಸರಳ ಲೋಲಕದ ಪ್ರಯೋಗ, ಅಂದರೆ ದಾರಕ್ಕೆ ಗುಂಡು ಕಟ್ಟಿ ತೂಗಾಡಿಸುವುದು. ದಾರದ ಉದ್ದ 100 ಸೆಂಟಿಮೀಟರ್, ಗುಂಡಿನ ನಡುಮಧ್ಯದವರೆಗೆ ಅಳೆದಿದ್ದು. ಸ್ವಲ್ಪವೇ ಎಳೆದು ಬಿಟ್ಟೆ. 20 ಸಲ ಹೋಗಿ ಬರಲು 40.2 ಸೆಕೆಂಡ್. ಒಂದು ಸಲಕ್ಕೆ ಹತ್ತಿರ ಹತ್ತಿರ 2 ಸೆಕೆಂಡ್.

ಹಿತ್ತಾಳೆ ಗುಂಡು ಬಿಚ್ಚಿ, ಅದೇ ಅಳತೆಯ ಮರದ ಗುಂಡು ಕಟ್ಟಿದೆ. ಸಮಯ ಬದಲಾಗಲೇ ಇಲ್ಲ! ಈ ಸಮಯವನ್ನು ಲೆಕ್ಕ ಹಾಕುವ ಸೂತ್ರದಲ್ಲಿ ತೂಕಕ್ಕೆ ಜಾಗವಿಲ್ಲ ಅಂತ ಗೊತ್ತಿತ್ತು, ಪರೀಕ್ಷೆಯಲ್ಲೂ ಬರೆದಿದ್ದೆ. ಆದರೂ ಕಣ್ಣೆದುರೇ ನೋಡಿದಾಗ ಮೈ ಜುಮ್ಮೆಂದಿತು. ಭಾರದ ಗುಂಡನ್ನು ಭೂಮಿ ಜಾಸ್ತಿ ಎಳೆಯುತ್ತದೆ, ನಿಜ. ಆದರೆ ಅದನ್ನು ಕದಲಿಸುವುದೂ ಅಷ್ಟೇ ಕಷ್ಟ. ಅಲ್ಲಿಗೆ ಲೆಕ್ಕ ಸಮ.

ಆಮೇಲೆ ದಾರವನ್ನು 25 ಸೆಂಟಿಮೀಟರ್‌ಗೆ ಇಳಿಸಿದೆ. ಉದ್ದ ಕಾಲು ಭಾಗವಾಯಿತು, ಸಮಯ ಅರ್ಧವಾಯಿತು: ಸಮಯ ನಡೆಯುವುದು ಉದ್ದದ ವರ್ಗಮೂಲದಂತೆ. ವರ್ಗಮೂಲ ಇಷ್ಟು ದಿನ ನನಗೆ ಬರೀ ಒಂದು ಗುರುತಾಗಿತ್ತು. ಇವತ್ತು ಅದು ಓಲಾಡುವುದನ್ನು ನೋಡಿದೆ.

ಒಂದು ದಾರ, ಒಂದು ಗುಂಡು, ಒಂದು ಸ್ಟಾಪ್‌ವಾಚ್. ಇಷ್ಟರಲ್ಲೇ ಭೂಮಿಯ ಎಳೆತವನ್ನು ಅಳೆಯಬಹುದು, ಅಲ್ವಾ? ಪುಸ್ತಕದಲ್ಲಿರುವುದು ಸೆಕೆಂಡ್ ವರ್ಗಕ್ಕೆ 9.8 ಮೀಟರ್. ನನಗೆ ಸಿಕ್ಕಿದ್ದು 9.77. ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ಸಂಖ್ಯೆ ತಲೆಯಲ್ಲಿತ್ತು.