ಒಂದೂವರೆಗೂ ಮಡಚುವ ರೊಟ್ಟಿ

ಕೊನೆಗೂ ಮಡಚಿದರೆ ಮುರಿಯದ ಜೋಳದ ರೊಟ್ಟಿ ಕೈಗೆ ಬಂದಿದೆ. ಬೆಳಿಗ್ಗೆ ಆರೂವರೆಗೆ ರಾಯಚೂರಿನಲ್ಲಿ ಹಂಚಿನಿಂದ ಇಳಿದದ್ದು ಮಧ್ಯಾಹ್ನ ಒಂದೂವರೆಗೆ ಮಾನ್ವಿಯ ಕಚೇರಿಯಲ್ಲಿ ಬಟ್ಟೆಯ ಹಾಗೆ ಬಾಗಿತು. ಪುಂಡಿ ಸೊಪ್ಪಿನ ಪಲ್ಯವನ್ನು ಬೆರಳಿಗೆ ತಾಗಿಸದೆ ಎತ್ತಿಕೊಂಡಿತು. ಬುತ್ತಿ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಸುದ್ದಿ ಬೇಕಿಲ್ಲ. ಉಳಿದವರಿಗೆ ಇದು ಸುದ್ದಿಯೇ ಅಲ್ಲ.

ಎಸರಿಡುವುದು, ನಾದುವುದು, ಬಡಿಯುವುದು, ಮೇಲೆ ನೀರು ಸವರಿ ತಿರುವಿ ಹಾಕುವುದು ನಿಮಗೆಲ್ಲ ಗೊತ್ತಿರುವ ಕೆಲಸ, ಅದನ್ನು ಬಿಡುತ್ತೇನೆ. ಪಲ್ಯದ ಕಡೆಯೂ ಹೊಸತೇನಿಲ್ಲ. ಹಸಿ ಕೊಬ್ಬರಿ ಬಿದ್ದ ಯಾವುದೂ ಬೇಸಿಗೆಯಲ್ಲಿ ಡಬ್ಬಿ ಸೇರುವುದಿಲ್ಲ. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಸದಾ ಇರುತ್ತದೆ. ಎಣ್ಣೆಗಾಯಿ ಮಾಡಿದ ದಿನ ರಸವನ್ನು ಗಟ್ಟಿಯಾಗಿ ಇಳಿಸಿಕೊಳ್ಳುತ್ತೇನೆ, ಏಕೆಂದರೆ ಬಸ್ಸಿನ ಕುಲುಕಾಟಕ್ಕೆ ಯಾವ ಮುಚ್ಚಳವೂ ನಿಲ್ಲುವುದಿಲ್ಲ. ಖರ್ಚಿನ ಲೆಕ್ಕ ಕೇಳುವವರಿಗೆ: ಒಂದು ಕಿಲೋ ಹಿಟ್ಟಿಗೆ ಹತ್ತು ಹನ್ನೆರಡು ರೊಟ್ಟಿ ಏಳುತ್ತವೆ, ನನಗೆ ದಿನಕ್ಕೆ ಎರಡು ಸಾಕು. ಕಚೇರಿಯ ಎದುರಿನ ಖಾನಾವಳಿಯಲ್ಲಿ ಒಂದು ಊಟಕ್ಕೆ ಕೊಡುವ ದುಡ್ಡಿನಲ್ಲಿ ವಾರದ ರೊಟ್ಟಿ ಮುಗಿಯುತ್ತದೆ. ಹಿಂಡಿ, ಸೌತೆಕಾಯಿ, ಹಸಿ ಮೆಂತ್ಯ ಸೊಪ್ಪು, ಒಂದು ಈರುಳ್ಳಿ ಸೇರಿಸಿದರೂ ಲೆಕ್ಕ ಕೆಡುವುದಿಲ್ಲ.

ಅನ್ನ ತಂದರೆ ಮುಗಿಯಿತಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಲೇ ಇರುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯವರಿಗೆ ಸೋನಾಮಸೂರಿ ಮನೆಯ ಬೆಳೆ. ಅವರು ಹಾಗೆ ಹೇಳುವುದು ಸರಿಯೇ. ಆದರೆ ಅನ್ನ ಉಂಡ ದಿನ ಮೂರು ಗಂಟೆಯ ಹೊತ್ತಿಗೆ ಕಡತದ ಮೇಲೆ ತೂಕಡಿಸುವವನು ನಾನು, ಅವರಲ್ಲ. ಕಡಕ್ ರೊಟ್ಟಿ ಒಯ್ಯಬಹುದಿತ್ತು, ವಾರಗಟ್ಟಲೆ ಕೆಡುವುದಿಲ್ಲ. ಆದರೆ ಊಟದ ಹೊತ್ತಿನಲ್ಲೂ ಫೋನಿನಲ್ಲಿ ಮಾತನಾಡುವ ಮೇಲಧಿಕಾರಿಯ ಪಕ್ಕದ ಮೇಜಿನಲ್ಲಿ ಕಡಕ್ ರೊಟ್ಟಿಯನ್ನು ಕರಕರ ಕಡಿಯುವುದಕ್ಕೆ ಗುಂಡಿಗೆ ಬೇಕು.

ಮೆತ್ತನೆಯ ರೊಟ್ಟಿ ನಡುಹಗಲಿಗೆ ಏಕೆ ಸೆಟೆದುಕೊಳ್ಳುತ್ತದೆ? ಗೋಧಿಯಲ್ಲಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಇರುತ್ತದೆ, ಜೋಳದಲ್ಲಿ ಅದಿಲ್ಲ. ಎಸರಿನ ಬಿಸಿಗೆ ಅರಳಿ ಅಂಟಾದ ಪಿಷ್ಟವೊಂದೇ ರೊಟ್ಟಿಯನ್ನು ಕೂಡಿಸಿ ಇಡುತ್ತದೆ. ಆರುತ್ತ ಹೋದಂತೆ ಆ ಪಿಷ್ಟ ಮತ್ತೆ ಬಿಗಿದುಕೊಂಡು ನೀರನ್ನು ಹೊರಗೆ ತಳ್ಳುತ್ತದೆ. ಫ್ರಿಜ್ಜಿನ ತಂಪಿನಲ್ಲಿ ಈ ಬಿಗಿತ ಇನ್ನೂ ಬೇಗ. ಹಾಗಾಗಿ ರಾತ್ರಿಯೇ ಮಾಡಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಒಯ್ಯುವ ಉಪಾಯ ಚಪಾತಿಯವರಿಗೆ ಇರಲಿ. ನಮ್ಮ ಏಪ್ರಿಲ್ಲಿನ ನಲವತ್ತು ದಾಟಿದ ಬಿಸಿಲಿನಲ್ಲಿ ಪಿಷ್ಟ ಬಿಗಿಯುವುದು ನಿಧಾನ, ಆದರೆ ಅಂಚು ಒಣಗುವುದು ಬಲು ಬೇಗ. ಜನವರಿಯಲ್ಲಿ ಇದೆಲ್ಲ ತಿರುವುಮುರುವು. ಹೀಗೆ ಎರಡು ಕಾಲಕ್ಕೆ ಎರಡು ಜಗಳ.

ಬಹಳ ದಿನ ಜಗಳ ನಡೆದದ್ದು ಡಬ್ಬಿಯ ಜೊತೆ. ಬಿಸಿಯಾಗಿ ಮುಚ್ಚಿದರೆ ಆವಿ ಮುಚ್ಚಳಕ್ಕೆ ತಾಗಿ ನೀರಾಗಿ ಇಳಿಯುತ್ತದೆ. ಮೇಲಿನ ರೊಟ್ಟಿ ಅಂಬಲಿಯ ದಾರಿ ಹಿಡಿಯುತ್ತದೆ. ಪೂರ್ತಿ ಆರಿಸಿ ಮುಚ್ಚಿದರೆ ಅಂಚು ಆಗಲೇ ಸಿಡಿದಿರುತ್ತದೆ. ಬಿಸಿ ಕಾಯ್ದಿಡುವ ದುಬಾರಿ ಡಬ್ಬಿ ಇದಕ್ಕೆ ಮದ್ದು ಎಂದು ಅಂಗಡಿಯವರು ಹೇಳುತ್ತಾರೆ. ಬಿಸಿ ಸಾರಿಗೆ ಅದು ಸರಿ. ರೊಟ್ಟಿಯನ್ನು ಅದು ಮಧ್ಯಾಹ್ನದವರೆಗೂ ಬೆವರಿಸುತ್ತದೆ, ಅಷ್ಟೇ. ಅಂಗಡಿಯವರ ಮಾತು ಬಂತಲ್ಲ: ಮೂರು ಅಂತಸ್ತಿನ ಡಬ್ಬಿಯ ರಬ್ಬರ್ ಬಳೆ ಹರಿದರೆ ಬಳೆ ಮಾತ್ರ ಈ ಊರಿನ ಯಾವ ಪಾತ್ರೆ ಅಂಗಡಿಯಲ್ಲೂ ನನಗೆ ಸಿಕ್ಕಿಲ್ಲ. ಹೊಸ ಡಬ್ಬಿಯನ್ನೇ ತೆಗೆದುಕೊಳ್ಳಿ ಎನ್ನುತ್ತಾರೆ. ಬಳೆ ಒಡೆದರೆ ಕೈಯನ್ನೇ ಬದಲಿಸಿ ಎನ್ನುವ ಜನ.

ಗಂಟು ಬಿಚ್ಚಿದ್ದು ಡಬ್ಬಿಯಲ್ಲಲ್ಲ, ಎಸರಿನಲ್ಲಿ. ಎಸರನ್ನು ಹಿಟ್ಟಿನ ಮೇಲೆ ಸುರಿದು ಕಲಸುವುದು ಹಲವರ ರೂಢಿ. ಹಾಗೆ ಮಾಡಿದಾಗ ಸ್ವಲ್ಪವೇ ಪಿಷ್ಟ ಬೆಂದು ಅಂಟಾಗುತ್ತದೆ. ಹಂಚಿನಿಂದ ನೇರ ತಾಟಿಗೆ ಹೋಗುವ ರೊಟ್ಟಿಗೆ ಅಷ್ಟು ಸಾಕು, ಬುತ್ತಿಗೆ ಸಾಲದು. ಹಿಟ್ಟಿನ ಒಂದು ಪಾಲನ್ನು ಎಸರಿನಲ್ಲೇ ಮುದ್ದೆಯಂತೆ ಬೇಯಿಸಿಕೊಂಡು, ಉಳಿದ ಹಸಿ ಹಿಟ್ಟನ್ನು ಅದರಲ್ಲಿ ನಾದಿದರೆ ರೊಟ್ಟಿ ಹೆಚ್ಚು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ರಶ್ನೆ ಇದ್ದದ್ದು ಪಾಲು ಎಷ್ಟು ಎಂಬುದರಲ್ಲಿ. ಅರ್ಧ ಬೇಯಿಸಿದರೆ ಹಿಟ್ಟು ಕೈಗೆ, ಪರಾತಕ್ಕೆ, ಎಲ್ಲಕ್ಕೂ ಅಂಟುತ್ತದೆ. ಬಡಿಯಲು ಬಾರದು, ಲಟ್ಟಿಸಬೇಕು, ಹಂಚಿನ ಮೇಲೆ ಉಬ್ಬುವುದೂ ಇಲ್ಲ. ಲಟ್ಟಣಿಗೆಯ ಸುದ್ದಿ ಕೇಳಿ ದೇವದುರ್ಗದ ಕಡೆಯ ಊರಿನಿಂದ ಅವ್ವ ಫೋನಿನಲ್ಲಿಯೇ ಒಂದು ಕ್ಷಣ ಮಾತು ನಿಲ್ಲಿಸಿದಳು. ಕಾಲು ಪಾಲು ಬೇಯಿಸಿದರೆ ಹೊಸ ಜೋಳಕ್ಕೆ ಸಾಕು, ಹಳೆಯದಕ್ಕೆ ಕಡಿಮೆ. ಮೂರರಲ್ಲಿ ಒಂದು ಪಾಲಿಗೆ ಬಂದು ನಿಂತಿದ್ದೇನೆ.

ಈಗಿನ ಅಳತೆ: ಮೂರು ಬಟ್ಟಲು ಹಿಟ್ಟಿಗೆ ಎರಡೂವರೆ ಬಟ್ಟಲು ನೀರು. ನೀರು ಮರಳುವಾಗ ಉಪ್ಪು, ಒಂದು ಬಟ್ಟಲು ಹಿಟ್ಟು ಹಾಕಿ ಗಂಟಾಗದಂತೆ ತಿರುವಿ, ಸಣ್ಣ ಉರಿಯಲ್ಲಿ ಮುಚ್ಚಿಡಬೇಕು. ಹಸಿ ವಾಸನೆ ಹೋದ ಮೇಲೆ ಇಳಿಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ಉಳಿದದ್ದನ್ನು ಸೇರಿಸಿ ನಾದಬೇಕು. ಬಿಗಿ ಎನಿಸಿದರೆ ಕೈ ಒದ್ದೆ ಮಾಡಿಕೊಂಡು ನಾದಿದರೆ ಸಾಕು, ಮತ್ತೆ ನೀರು ಸುರಿಯಬಾರದು.

ಎರಡನೆಯ ತಿರುವು ಮಡಚುವುದರಲ್ಲಿದೆ. ಹಂಚಿನಿಂದ ಇಳಿದ ರೊಟ್ಟಿ ಬಿಸಿಯಿರುವಾಗ ಎಲ್ಲಿ ಬೇಕಾದರೂ ಬಾಗುತ್ತದೆ. ಆಗಲೇ ಅರ್ಧಕ್ಕೆ, ಮತ್ತೆ ಕಾಲಿಗೆ ಮಡಚಿ ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಬುಟ್ಟಿಯಲ್ಲಿಡುತ್ತೇನೆ. ಅರಿವೆ ಆವಿಯನ್ನು ಕುಡಿಯುತ್ತದೆ, ಅಂಚನ್ನು ಒಣಗಲು ಬಿಡುವುದಿಲ್ಲ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಉಗುರು ಬೆಚ್ಚಗಾಗಿರುತ್ತದೆ. ಅರಿವೆ ಸಮೇತ ಡಬ್ಬಿಗೆ. ಆರಿದ ಮೇಲೆ ಮಡಚಲು ಹೋದರೆ ಯಾವ ಅಳತೆಯೂ ಕಾಪಾಡುವುದಿಲ್ಲ. ಡಬ್ಬಿಯ ಅಗಲಕ್ಕೆ ಸರಿಯಾಗಿ ಸಣ್ಣ ರೊಟ್ಟಿಗಳನ್ನೇ ಬಡಿದರೆ ಮಡಚುವ ತಾಪತ್ರಯವೇ ಇಲ್ಲ, ನಿಜ. ಆದರೆ ಅಂಗೈ ಅಗಲದ ರೊಟ್ಟಿ ತೊಟ್ಟಿಲ ಮಕ್ಕಳಿಗೆ ಎಂಬುದು ಅವ್ವನ ತೀರ್ಪು, ಮತ್ತು ಆ ನ್ಯಾಯಾಲಯದ ಮೇಲೆ ಇನ್ನೊಂದು ನ್ಯಾಯಾಲಯವಿಲ್ಲ.

ಇನ್ನು ಜೋಳ. ಸರ್ಕಾರ ಬೆಂಬಲ ಬೆಲೆ ಘೋಷಿಸುವಾಗ ಹೈಬ್ರಿಡ್ ಜೋಳಕ್ಕೆ ಮತ್ತು ಮಾಲ್ದಂಡಿ ಎಂಬ ಹಿಂಗಾರಿನ ಜೋಳದ ತಳಿಗೆ ಬೇರೆ ಬೇರೆ ದರ ಹೇಳುತ್ತದೆ. 2024-25ರಲ್ಲಿ ಅವು ಕ್ವಿಂಟಲ್‌ಗೆ 3,371 ಮತ್ತು 3,421 ರೂಪಾಯಿ. ಅಂದರೆ ಕಿಲೋಗೆ ಐವತ್ತು ಪೈಸೆಯ ಅಂತರ. ನಾನು ಕೊಳ್ಳುವ ಅಂಗಡಿಗೆ ಬರುವ ಹೊತ್ತಿಗೆ ಆ ಐವತ್ತು ಪೈಸೆ ಏನೇನು ತಿಂದು ಬೆಳೆಯುತ್ತದೋ, ಮಾಲ್ದಂಡಿ ಎಂದೊಡನೆ ಅಂಗಡಿಯವರ ದನಿಯೇ ಬದಲಾಗುತ್ತದೆ. ಅಷ್ಟು ಕೊಟ್ಟರೂ ಚೀಲದ ಮೇಲ್ಭಾಗದಲ್ಲಿ ಮುತ್ತಿನಂಥ ಕಾಳು, ತಳದಲ್ಲಿ ಹೋದ ವರ್ಷದ್ದು. ಹಳೆಯ ಜೋಳಕ್ಕೆ ಜಿಗಿ, ಅಂದರೆ ಅಂಟು, ಇರುವುದಿಲ್ಲ. ಬೀಸಿಟ್ಟ ಹಿಟ್ಟೂ ಹಳತಾದಂತೆ ಜಿಗಿ ಕಳೆದುಕೊಂಡು ಕಹಿಯಾಗುತ್ತದೆ, ಹಾಗಾಗಿ ವಾರಕ್ಕೆ ಬೇಕಾದಷ್ಟನ್ನೇ ಬೀಸಿಸುತ್ತೇನೆ. ಗಿರಣಿಯವರಿಗೆ ಈ ಚಿಲ್ಲರೆ ಗಿರಾಕಿಯನ್ನು ಕಂಡರೆ ಆಗುವುದಿಲ್ಲ. ಖಾರದಪುಡಿಯ ನಂತರ ನನ್ನ ಜೋಳ ಸುರಿದು ಸೇಡು ತೀರಿಸಿಕೊಂಡದ್ದೂ ಉಂಟು. ಆ ವಾರದ ರೊಟ್ಟಿಗೆ ಹಿಂಡಿಯೇ ಬೇಕಾಗಲಿಲ್ಲ.

ಈ ನಡುವೆ ತಲೆ ಆಗಲೇ ಮೊಸರನ್ನದ ಕಡೆ ಓಡಿದೆ. ಅನ್ನದ ನಿದ್ದೆಯ ಮಾತು ಮೇಲೆ ಬರೆದಿದ್ದೇನೆ, ಆದರೂ ಮೇ ತಿಂಗಳಲ್ಲಿ ರೊಟ್ಟಿಯ ಮೇಲೆ ನಾಲ್ಕು ತುತ್ತು ಮೊಸರನ್ನ ಬೇಡ ಎನ್ನುವವರು ಈ ಸೀಮೆಯವರಲ್ಲ. ಬಿಸಿ ಅನ್ನ ಮಸೆದು, ಕಾಯಿಸಿದ ಹಾಲು ಸುರಿದು, ಆರಿದ ಮೇಲೆ ಚಮಚ ಹೆಪ್ಪು ಬೆರೆಸಿದರೆ ದಾರಿಯಲ್ಲೇ ಮೊಸರಾಗುತ್ತದೆ ಎಂಬುದು ಹಳೆಯ ಉಪಾಯ. ತೊಂದರೆ ಏನೆಂದರೆ, ಮೊಸರಿನ ಬ್ಯಾಕ್ಟೀರಿಯಾಗಳಿಗೆ ಅತಿ ಇಷ್ಟವಾದ ಬಿಸಿ ನಲವತ್ತರಿಂದ ನಲವತ್ತೈದು ಡಿಗ್ರಿ, ಮತ್ತು ಅದು ಸರಿಯಾಗಿ ನಮ್ಮ ಬಸ್ಸಿನ ಒಳಗಿನ ಬಿಸಿ. ಹನ್ನೊಂದಕ್ಕೆ ಮೊಸರು, ಒಂದೂವರೆಗೆ ಹುಳಿ. ಹೆಪ್ಪನ್ನು ಹನಿಯಷ್ಟಕ್ಕೆ ಇಳಿಸುವುದು ಒಂದು ದಾರಿ. ಕಾಯಿಸಿದ ಹಾಲಿನ ಅರ್ಧವನ್ನು ಮಂಜುಗಡ್ಡೆ ಮಾಡಿ ಅನ್ನದ ನಡುವೆ ಹುಗಿಯುವುದು ಇನ್ನೊಂದು; ಕರಗುವವರೆಗೆ ಹೆಪ್ಪು ಮಲಗಿರುತ್ತದೆ, ಕರಗಿದ ಮೇಲೆ ಕೆಲಸ ಆರಂಭ. ಎರಡನೆಯದರ ಮೇಲೆ ನನಗೆ ಹೆಚ್ಚು ಆಸೆ.

ಆದರೆ ಆ ತಂಪು ಪಕ್ಕದ ರೊಟ್ಟಿಗೆ ತಗುಲಿದರೆ ಇಷ್ಟು ಬರೆದದ್ದೆಲ್ಲ ನೀರಿಗೆ ಹೋಯಿತು. ಎರಡನ್ನೂ ಒಂದೇ ಚೀಲದಲ್ಲಿ ಇಡುವಂತಿಲ್ಲ. ಸೋಮವಾರದಿಂದ ಹೆಗಲಿಗೆ ಒಂದು ಚೀಲ, ಕೈಗೆ ಒಂದು.